ಕೂತರೆ ಹಿಡಿಯುವ ಮೇಜು

ಒಂದು ಕ್ಲ್ಯಾಂಪು ಕೈಜಾರಿ ಬಿದ್ದದ್ದೇ ಎಲ್ಲಕ್ಕೂ ಮೂಲ. ಕಾಲಿನ ಮೇಲೆ ಬಿದ್ದಿದ್ದರೆ ಒಂದು ವಾರ ಕುಂಟಿ ಮುಗಿಸಬಹುದಿತ್ತು. ಅದು ಬಿದ್ದದ್ದು ಶೆಡ್ಡಿಗೆ ಹೊಸದಾಗಿ ಬಂದ ಮೇಜಿನ ಮೂಲೆಯ ಮೇಲೆ.

ಬೀಳಿಸಿದವನು ಗಡಿಬಿಡಿ. ಆ ಮರಗೆಲಸದ ಶೆಡ್ಡಿನಲ್ಲಿ ಅವನ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು. ಊಟ ನಿಂತು, ಚಹಾ ನಡೆಯುತ್ತ, ಜಗಳ ಓಡುತ್ತ. ಕುರ್ಚಿ ಕಂಡರೆ ಕಾದ ಕಾವಲಿ ಕಂಡಂತೆ ಹಿಂದೆ ಸರಿಯುವ ಮನುಷ್ಯ. "ನನ್ನ ತಂಗಿ ಗಂಡನ್ನ ನೋಡಿ, ಕೂತ್ಕೊಂಡೇ ಸಂಬಳ ತಗೋತಾರೆ. ನೀವು ಯಾವಾಗ್ರೀ ಒಂದು ಕಡೆ ಕೂರೋದು?" ಎಂದು ಹೆಂಡತಿ ದಿನಾ ಕೇಳುವಳು. ಪ್ರಶ್ನೆ ಮುಗಿಯುವಷ್ಟರಲ್ಲಿ ಅವನು ಬೀದಿಯ ತಿರುವು ದಾಟಿರುತ್ತಿದ್ದ.

ಕ್ಲ್ಯಾಂಪು ಬಿದ್ದ ಮರುದಿನ ಬೆಳಿಗ್ಗೆ ಮಾತ್ರ ನಿಂತು ಉತ್ತರ ಕೊಟ್ಟಿದ್ದ. "ಇವತ್ತು ನಾನು ಮೇಸ್ತ್ರಿ ಆಗ್ತೀನಿ ಕಣೇ."

ಸುಮ್ಮನೆ ಅಂದದ್ದಲ್ಲ. ಹಲಗೆಯನ್ನು ಗಾಳಿಯಿಂದಲೇ ಹಿಡಿದಿಡುವ ಮೇಜೊಂದು ಬೇಕೆಂದು ಆರು ತಿಂಗಳು ಯಜಮಾನರ ತಲೆ ತಿಂದವನು ಅವನೇ. ಮೇಜಿನ ತುಂಬ ಸಣ್ಣ ಸಣ್ಣ ತೂತು. ಕೆಳಗಿನ ಪಂಪು ಗಾಳಿ ಎಳೆದರೆ ಮೇಲಿಟ್ಟ ಹಲಗೆ ಹಲ್ಲಿಯ ಹಾಗೆ ಕಚ್ಚಿಕೊಳ್ಳಬೇಕು. ಕೊರೆಯುವ ಯಂತ್ರ ಓಡಾಡಿದರೂ ಕದಲಬಾರದು. ಯಜಮಾನರು ಎಲ್ಲಿಂದಲೋ ಹಳೆಯದೊಂದನ್ನು ಹುಡುಕಿ ತಂದಿದ್ದರು. "ಡಾಕ್ಟರಮ್ಮನ ದುಂಡು ಟೇಬಲ್ ಇದರ ಮೇಲೆ ಸರಿಯಾಗಿ ಬಂದ್ರೆ ನೀನೇ ಮೇಸ್ತ್ರಿ. ಮೇಜಿಗೆ ಒಂದು ಗೀರು ಬಿತ್ತೋ, ಉಪ್ಪುಕಾಗದ ಹಿಡ್ಕೊಂಡು ಜೀವಮಾನ ಪೂರ್ತಿ ಮರ ಉಜ್ತಾ ಇರು."

ಹಲಗೆ ಬಿಗಿಹಿಡಿಯುವ ಕಬ್ಬಿಣದ ಕ್ಲ್ಯಾಂಪು ಇನ್ನು ಯಾಕೆಂದು ಗಡಿಬಿಡಿ ಎಲ್ಲವನ್ನೂ ಹಿಂದಿನ ಸಂಜೆಯೇ ಗುಜರಿಗೆ ಹಾಕಿಸಿದ. ಕೊನೆಯದನ್ನು ಹೊತ್ತೊಯ್ಯುವಾಗಲೇ ಆ ಟಪ್ಪೆಂಬ ಸದ್ದು. ಮೂಲೆಯ ಚೂರೊಂದು ಎದ್ದು ಬಂದಿತ್ತು. ಆಚೀಚೆ ನೋಡಿದ, ಅಂಟು ಹಾಕಿ ಕೂರಿಸಿದ, ಸಿಳ್ಳೆ ಹಾಕುತ್ತ ಮನೆಗೆ ಹೋದ.

ಬೆಳಿಗ್ಗೆ ಪಂಪು ಶುರುವಾದದ್ದೇ ತಡ, ಸಿಳ್ಳೆ ಹಾಕುವ ಸರದಿ ಮೇಜಿನದಾಯಿತು. ಅಂಟಿಸಿದ ಚೂರು ಗುಳುಕ್ಕನೆ ಒಳಗೆ ಹೋಯಿತು. ಬೆಲೆಬಾಳುವ ತೇಗದ ಹಲಗೆ ಬೆರಳು ತಾಗಿದರೆ ದೋಣಿಯಂತೆ ತೇಲತೊಡಗಿತು.

"ಗಾಳೀನ ನಂಬಿ ಕಬ್ಬಿಣ ಮಾರಿದ ಮೊದಲನೇ ಗಂಡಸು ನೀನೇ ಕಣಯ್ಯ," ಎಂದ ಪಾಲಿಶ್ ತಾತ. ಆ ಶೆಡ್ಡಿನಲ್ಲಿ ನಲವತ್ತು ವರ್ಷದಿಂದ ಮರಕ್ಕೂ ಮಂದಿಗೂ ಹೊಳಪು ಕೊಡುತ್ತಿದ್ದವನು.

ಪಕ್ಕದಂಗಡಿಯ ದರ್ಜಿಯಕ್ಕ ಕತ್ತರಿ ಹಿಡಿದೇ ಓಡಿಬಂದಳು. "ಏನಣ್ಣ, ಕುಕ್ಕರ್ ಇಟ್ಟು ಮರೆತ್ರಾ?"

"ಮೆತ್ತಗೆ ಮಾತಾಡಕ್ಕ! ಮೂಲೆ ಒಡೆದಿದೆ. ಯಜಮಾನರಿಗೆ ಗೊತ್ತಾದ್ರೆ ನನ್ನ ಕತೆ ಮುಗೀತು."

ಅಷ್ಟು ಸಾಕಾಯಿತು, ಇಬ್ಬರೂ ಉಪಕಾರಕ್ಕೆ ಟೊಂಕ ಕಟ್ಟಿದರು. ರಬ್ಬರ್ ಹಾಳೆ ಹಾಕಿದರೆ ಮೇಲಿನ ಸೀಳು ಮುಚ್ಚಿ ಅಂಚಿನ ಸೀಳು ಸಿಳ್ಳೆ ಹಾಕಿತು. ದರ್ಜಿಯಕ್ಕ ಬಾಯಲ್ಲಿದ್ದ ಚೂಯಿಂಗ್ ಗಮ್ ತೆಗೆದು ಒತ್ತಿದಳು. ಮೇಜು ಅದನ್ನು ನುಂಗಿತು. ಅವಳ ಅಂಗಡಿಯ ಮೆತ್ತನೆಯ ದಿಂಬು ತಂದು ಇಟ್ಟರು. ಬಟ್ಟೆಯ ಎಳೆಎಳೆಯಲ್ಲೂ ಗಾಳಿ ನುಸುಳಿತು. ತಾತ ಒಂದು ಮುದ್ದೆ ಮೇಣ ತುರುಕಿದ. ಅದೂ ಮಾಯ.

"ನಿನ್ನ ಮೇಜು ನನಗಿಂತ ಚೆನ್ನಾಗಿ ತಿನ್ನತ್ತೆ," ಎಂದ ತಾತ.

ಅಷ್ಟರಲ್ಲಿ ಬಾಗಿಲಲ್ಲಿ ಸ್ಕೂಟರ್ ಸದ್ದು. ಯಜಮಾನರು! ಹಿಂದೆಯೇ ಕಾರಿನಿಂದ ಇಳಿಯುತ್ತಿದ್ದವರು ಟೇಬಲ್ ಮಾಡಲು ಹೇಳಿದ್ದ ಹಲ್ಲಿನ ಡಾಕ್ಟರಮ್ಮ.

ಗಡಿಬಿಡಿಗೆ ಇನ್ನೇನೂ ಹೊಳೆಯಲಿಲ್ಲ. ಒಡೆದ ಮೂಲೆ ಕಾಣದಿರಲೆಂದು ಹಾರಿ ಅದರ ಮೇಲೆಯೇ ಕೂತುಬಿಟ್ಟ.

ಸಿಳ್ಳೆ ನಿಂತಿತು.

ಪಂಪಿನ ಎಳೆತ ತೋರಿಸುವ ಮುಳ್ಳು ಸರಸರ ಮೇಲೇರಿತು. ತಾತ ಹಲಗೆಯನ್ನು ತಳ್ಳಿ ನೋಡಿದ. ಗೋಡೆ ತಳ್ಳಿದ ಹಾಗಿತ್ತು. ಯಾವ ರಬ್ಬರಿಗೂ ಮೇಣಕ್ಕೂ ಆಗದ್ದು ಗಡಿಬಿಡಿಯ ಹಿಂಭಾಗಕ್ಕೆ ಒಲಿದಿತ್ತು. ಏಳಲು ನೋಡಿದ. ಮೇಜು ಬಿಡಲಿಲ್ಲ.

"ಬನ್ನಿ ಡಾಕ್ಟ್ರೇ, ಇವನೇ ನಮ್ಮ ಹುಷಾರಿ ಕೆಲಸಗಾರ," ಎಂದು ಒಳಬಂದ ಯಜಮಾನರು ಹುಬ್ಬು ಗಂಟಿಕ್ಕಿದರು. "ಏನೋ ಇದು, ದೊಡ್ಡವರು ಬಂದಿದಾರೆ, ಏಳಬಾರ್ದಾ?"

"ಕೆಲಸ ನಡೀವಾಗ ನಾನು ಹತ್ರಾನೇ ಇರ್ಬೇಕು ಸಾರ್."

"ಹತ್ರ ಅಂದ್ರೆ ಮೇಲೇನಾ?"

ಡಾಕ್ಟರಮ್ಮನಿಗೆ ಅವನ ಮುಖ ನೋಡಿ ಕನಿಕರವಾಯಿತು. "ಪಾಪ, ಏನೋ ನೋವಿದೆ ಅವರಿಗೆ. ಎಲ್ಲಿ, ಬಾಯಿ ತೆಗೀರಿ."

"ನೋವಿರೋದು ಅಲ್ಲಲ್ಲ ಮೇಡಂ."

ದರ್ಜಿಯಕ್ಕ ಸೆರಗು ಬಾಯಿಗೆ ತುರುಕಿಕೊಂಡಳು. ತಾತ ಇದೇ ಸಮಯವೆಂದು ಹಸಿರು ಗುಂಡಿ ಒತ್ತಿದ. ಕೊರೆಯುವ ಮೊನೆ ಗುರ್ರೆನ್ನುತ್ತ ಹಲಗೆಗಿಳಿದು ದುಂಡಗೆ ಸುತ್ತತೊಡಗಿತು. ಪ್ರತಿ ಸುತ್ತಿಗೂ ಅದು ಮೂಲೆಯ ಹತ್ತಿರ ಬಂದಾಗ ಗಡಿಬಿಡಿ ಮಂಡಿಗಳನ್ನು ಗಲ್ಲಕ್ಕೆ ಎಳೆದುಕೊಳ್ಳುವನು. ಮೇಜಿನ ಮೂಲೆಯಲ್ಲಿ ಕಪ್ಪೆ ಕೂತು ಹುಳಕ್ಕೆ ಹೆದರಿದಂತೆ ಕಾಣುತ್ತಿತ್ತು. ಕೆಳಗಿನಿಂದ ಪಂಪು ಎಳೆಗೂಸು ನಿಪ್ಪಲ್ ಚೀಪಿದಂತೆ ಎಳೆಯುತ್ತಲೇ ಇತ್ತು. ಎದ್ದರೆ ಹಲಗೆ ಹಾರಿ ಡಾಕ್ಟರಮ್ಮನ ಹಲ್ಲಿಗೇ ಡಾಕ್ಟರು ಬೇಕಾದೀತು. ಆದ್ದರಿಂದ ಹುಟ್ಟಿದ ಮೇಲೆ ಮೊದಲ ಬಾರಿಗೆ ಅವನು ಒಂದೇ ಕಡೆ ಕದಲದೆ ಕೂತ.

ಯಂತ್ರ ನಿಂತಿತು. ತಾತ ಪಂಪು ಆರಿಸಿದ. ಫಟ್ಟೆಂದು ಹಲಗೆಯೂ ಗಡಿಬಿಡಿಯೂ ಒಟ್ಟಿಗೇ ಬಿಡುಗಡೆಯಾದರು. ಟೇಬಲ್ಲು ಹುಣ್ಣಿಮೆ ಚಂದ್ರನಂತೆ ದುಂಡಗಿತ್ತು. ಡಾಕ್ಟರಮ್ಮ ಕೈಯಾಡಿಸಿ ಹಿಗ್ಗಿದರು. ಆಸ್ಪತ್ರೆಗೂ ಇಂಥದೇ ಹತ್ತು ಬೇಕೆಂದು ಹೇಳಿ ಹೊರಟರು.

ಯಜಮಾನರ ಮುಖ ಅರಳಿದ್ದನ್ನು ಕಂಡು ಗಡಿಬಿಡಿಯ ಎದೆ ತಡೆಯಲಿಲ್ಲ. ಇದ್ದದ್ದೆಲ್ಲ ಒದರಿದ. ಕ್ಲ್ಯಾಂಪು, ಮೂಲೆ, ಅಂಟು, ಎಲ್ಲ.

ಯಜಮಾನರು ಬಗ್ಗಿ ಸೀಳು ನೋಡಿದರು, ಉಗುರಿನಿಂದ ಕೆರೆದರು, ಆಮೇಲೆ ಹೊಟ್ಟೆ ಹಿಡಿದು ನಕ್ಕರು.

"ಅಯ್ಯೋ ಮಂಕೇ, ಇಲ್ಲಿ ಹಳೇ ಅಂಟಿನ ಕಲೆ ಇದೆಯಲ್ಲೋ! ನೀನು ಒಡೆದಿದ್ದಲ್ಲ, ಮೊದ್ಲೇ ಒಡೆದು ಅಂಟಿಸಿದ್ದ ಚೂರನ್ನ ಎಬ್ಬಿಸಿದೀಯ ಅಷ್ಟೇ. ಮಾರೋನು ಇದನ್ನ ಓಡಿಸಿ ತೋರಿಸ್ದಾಗ ಒಬ್ಬ ದಪ್ಪನೆಯವನು ಇದೇ ಮೂಲೇಲಿ ಕೂತು ಕಡಲೆಕಾಯಿ ತಿಂತಿದ್ದ. ಪಾಪ, ಸುಸ್ತಾಗಿದೆ ಅಂದ್ಕೊಂಡಿದ್ದೆ!"

ಗಡಿಬಿಡಿಯ ಎದೆಯಿಂದ ಬಂಡೆ ಇಳಿಯಿತು. "ಹಾಗಾದ್ರೆ ತಪ್ಪು ನಂದಲ್ಲ! ನಾನು ಮೇಸ್ತ್ರಿ ಅಲ್ವಾ ಸಾರ್?"

"ಅದ್ ಹೇಗಪ್ಪ? ಗುಂಡಿ ಒತ್ತಿ ಯಂತ್ರ ಓಡಿಸಿದ್ದು ತಾತ. ಮೇಸ್ತ್ರಿ ಅವರೇ. ಹತ್ತು ಟೇಬಲ್ ಇದೆ. ರಿಪೇರಿಯವನು ಬರೋವರೆಗೆ ನಿನ್ನ ಜಾಗ ಈ ಮೂಲೆ. ಸ್ವಲ್ಪ ಚೆನ್ನಾಗಿ ಉಣ್ಣು, ಇನ್ನೂ ಗಟ್ಟಿಯಾಗಿ ಹಿಡಿಯುತ್ತೆ."

"ಬೇಗ ಬಾರಯ್ಯ ನಾಳೆ," ಎಂದ ಹೊಸ ಮೇಸ್ತ್ರಿ ತಾತ. "ತಡವಾದ್ರೆ ನಿನ್ನ ಬದಲು ದಿಂಬು ಇಡೋಕೂ ಆಗಲ್ಲ."

ಸಂಜೆ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. "ಆಯ್ತೇನ್ರೀ?"

ಗಡಿಬಿಡಿ ತಲೆ ಕೆರೆದುಕೊಂಡ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನಾಳೆಯಿಂದ ಕೂತ್ಕೊಂಡೇ ಕೆಲಸ ಕಣೇ."

"ಹೌದಾ!" ಎಂದವಳೇ ಕಾಂಪೌಂಡಿನಾಚೆ ಇಣುಕಿ ಪಕ್ಕದ ಮನೆಗೆ, ಎದುರು ಮನೆಗೆ, ಫೋನಿನಲ್ಲಿ ತಂಗಿಗೆ ಸಾರಿದಳು. "ನಮ್ಮನೆಯವ್ರೂ ಇನ್ಮೇಲೆ ಕೂತ್ಕೊಂಡೇ ಕೆಲಸ ಮಾಡೋದು ಕಣೇ!" ನೆಂಟರಿಗೆಂದು ಎತ್ತಿಟ್ಟಿದ್ದ ಕುರ್ಚಿಯನ್ನು ಸೆರಗಿನಿಂದ ಒರೆಸಿ ತಂದಿಟ್ಟು, ತಟ್ಟೆ ತುಂಬ ಬಡಿಸಿ ಕರೆದಳು. "ಇವತ್ತಾದ್ರೂ ಕೂತ್ಕೊಂಡು ಊಟ ಮಾಡಿ ಬನ್ನಿ, ಮೇಸ್ತ್ರಿಗಳೇ."

ಆವತ್ತೂ ಅವನು ನಿಂತೇ ಉಂಡ. ಅವಸರದಿಂದಲ್ಲ.