ಪ್ರಶ್ನೆ ಇದ್ದರೆ ಕೇಳಬಹುದು

ಹಗಲು ಹನ್ನೊಂದಕ್ಕೆ ಉಪನ್ಯಾಸ ಇಟ್ಟರೆ ಬರುವವರು ಯಾರು? ಬೇಳೆ ಬೇಯಿಸಿಟ್ಟು ಬಂದವರು, ಬಸ್ಸಿಗೆ ಕಾಯುವವರು, ಫ್ಯಾನು ಹುಡುಕಿಕೊಂಡು ಬಂದವರು. ಅಂಥ ಕಡೆ ತಮಾಷೆ ಆಗದೆ ಇನ್ನೇನಾದೀತು?

ದೇಶದೇಶ ಸುತ್ತಿ ಬಂದು ರಾಮನಗರದಲ್ಲಿ ಮನೆ ಮಾಡಿದ್ದೇನೆ. ಒಬ್ಬಳೇ. ಕೂತಲ್ಲಿ ಕೂರಲಾರದ ಜನ್ಮ ನನ್ನದು. ಸುತ್ತಲಿನ ಊರಿನ ಸಂಘದವರು ಕರೆದರೆ ಸಂಸ್ಕೃತಿಯೋ ಪ್ರವಾಸವೋ ಸಮಾಜವೋ, ಯಾವುದಕ್ಕೂ ಹೊರಟುಬಿಡುತ್ತೇನೆ. ಶಾಲಿನ ಆಸೆಗಲ್ಲ. ಕೊನೆಗೆ ‘ಪ್ರಶ್ನೆ ಇದ್ದರೆ ಕೇಳಬಹುದು’ ಅನ್ನುತ್ತಾರಲ್ಲ, ಆಗ ಯಾರಾದರೂ ಎದ್ದು ಏನಾದರೂ ಕೇಳಲಿ ಅಂತ. ಒಂದು ಪ್ರಶ್ನೆ ಬಂದರೆ ಅದರ ಬಾಲ ಹಿಡಿದು ನಾಲ್ಕು ಮಾತು ಬರುತ್ತವೆ. ಮನೆಗೆ ಹೋದ ಮೇಲೆ ಮಾತಾಡಲು ಗೋಡೆ ಬಿಟ್ಟರೆ ಇನ್ನಾರಿದ್ದಾರೆ? ಆದರೆ ಯಾರೂ ಕೇಳುತ್ತಿರಲಿಲ್ಲ.

ಕನಕಪುರದ ವಂದನಾರ್ಪಣೆ

ಸ್ವಾಗತ ಮುಗಿದದ್ದೇ ವಂದನಾರ್ಪಣೆ ಮಾಡಬೇಕಾದ ಮಹಿಳೆ ಮೈಕಿನ ಹತ್ತಿರ ಬಂದರು.

“ಮೊಮ್ಮಗೂನ ಸ್ಕೂಲಿಂದ ಕರ್ಕೊಂಡ್ ಬರ್ಬೇಕು ಮೇಡಂ. ನಂದು ಒಸಿ ಮೊದಲೇ ಮುಗಿಸ್ಬುಡ್ತೀನಿ.”

ಸರಿ ಅಂದೆ. ಅವರು ಕಾಗದ ತೆಗೆದು, “ನಮ್ಮ ಅತಿಥಿಗಳು ಮನಮುಟ್ಟುವಂತೆ ಮಾತಾಡಿದರು” ಎಂದು ಓದಿದರು.

“ಅಮ್ಮಾ, ನಾನಿನ್ನೂ ಬಾಯೇ ತೆರೆದಿಲ್ಲ.”

“ಚೆನ್ನಾಗೇ ಮಾತಾಡ್ತೀರಿ ಬುಡಿ.”

ಆಮೇಲೆ ಮೈಕಿನವನಿಂದ ಹಿಡಿದು ಕುರ್ಚಿ ಹಾಕಿದವರವರೆಗೆ ಎಲ್ಲರಿಗೂ ವಂದಿಸಿದರು. ನಮ್ಮ ಕಡೆ ವಂದನಾರ್ಪಣೆ ಆಯಿತೆಂದರೆ ಕಾಲು ತಾನಾಗಿ ಬೋಂಡದ ಕಡೆ ಏಳುತ್ತದೆ. ಇಡೀ ಸಭೆ ಎದ್ದು ಹೋಯಿತು. ಉಳಿದವನು ಮೈಕಿನವನೊಬ್ಬ. ಮೊರಾಕ್ಕೋದ ಸಂತೆಯ ಬಗ್ಗೆ ಅವನಿಗೇ ಪೂರ್ತಿ ಹೇಳಿದೆ. ಮುಗಿಸಿ, “ಏನಾದ್ರೂ ಕೇಳೋದಿದೆಯೇನಪ್ಪ?” ಅಂದೆ.

“ವೈರ್ ಸುತ್ಕೊಳ್ಳಾ ಮೇಡಂ?” ಅಂದ.

ಮಾಗಡಿಯ ಶ್ರೋತೃ

ಮಾಗಡಿಯಲ್ಲಿ ಸಭಾಂಗಣ ಇದ್ದದ್ದು ಬಸ್‌ಸ್ಟ್ಯಾಂಡಿನ ಎದುರಿಗೆ. ಒಳ್ಳೇ ಜನ ಸೇರಿತ್ತು. ನಾನು ಖುಷಿಯಾಗಿ ಮಾತಿನಲ್ಲೇ ಅವರನ್ನೆಲ್ಲ ಗ್ರೀಸಿನ ದ್ವೀಪಗಳಿಗೆ ಹಡಗು ಹತ್ತಿಸಿದೆ. ಅಷ್ಟರಲ್ಲಿ ಹೊರಗಿನಿಂದ ಕಂಡಕ್ಟರು “ಕುಣಿಗಲ್, ಕುಣಿಗಲ್” ಎಂದು ಕೂಗಿದ. ಮುಂದಿನ ಸಾಲು ಎದ್ದು ಹೋಯಿತು. ಆಮೇಲೆ “ಬೆಂಗ್ಳೂರ್” ಅಂದ, ನಡುವೆಲ್ಲ ಖಾಲಿ.

ಕೊನೆಯವರೆಗೆ ಕೂತದ್ದು ಒಬ್ಬ ಅಜ್ಜಿ. ಕಣ್ಣು ಕೀಳದೆ ನನ್ನನ್ನೇ ನೋಡುತ್ತಿದ್ದರು. ಇಳಿದು ಹೋಗಿ ಪಕ್ಕದಲ್ಲಿ ಕೂತೆ.

“ಹಿಡಿಸ್ತೇನಜ್ಜಿ?”

“ರಾಮನಗರದ ಬಸ್ಸು ಬರ್ನಿಲ್ಲ ಕಣವ್ವ.”

ನನ್ನದೂ ಅದೇ ಬಸ್ಸು. ಅಜ್ಜಿ ದಾರಿಯುದ್ದಕ್ಕೂ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದರು. ನನ್ನ ತೋಳು ಜೋಮು ಹಿಡಿಯಿತು; ಆದರೂ ಅಲ್ಲಾಡಿಸಲಿಲ್ಲ. ಇಳಿಯುವಾಗ ಕಣ್ಣುಜ್ಜಿಕೊಂಡು, “ಭಾಷಣದಲ್ಲಿ ಹಿಂಗೆ ನಿದ್ದೆ ಬರ್ನಿಲ್ಲ, ಗಟ್ಟಿಯಾಗಿ ಮಾತಾಡ್ತೀಯ ನೀನು” ಅಂದರು.

ಚನ್ನಪಟ್ಟಣದ ಪ್ರಶ್ನೆ

ಚನ್ನಪಟ್ಟಣದವರು ಕೊಟ್ಟ ವಿಷಯ, ‘ಒಂಟಿತನ: ಕಾರಣ ಮತ್ತು ಪರಿಹಾರ’. ಕಾರಣ ನನಗೆ ಬಾಯಿಪಾಠ. ಪರಿಹಾರಕ್ಕೆ ಬಂದಾಗ, “ಪಕ್ಕದ ಮನೆ ಬಾಗಿಲು ತಟ್ಟಿ. ನೀವೇ ಮೊದಲು ಮಾತಾಡಿಸಿ” ಎಂದು ಜೋರಾಗಿ ಹೇಳಿ ಕೂತೆ. ಚಪ್ಪಾಳೆ ಬಿತ್ತು.

“ಪ್ರಶ್ನೆ ಇದ್ದರೆ ಕೇಳಬಹುದು” ಅಂದರು ಅಧ್ಯಕ್ಷರು. ಎಂದಿನಂತೆ ಎಲ್ಲರೂ ಚಪ್ಪಲಿ ಹುಡುಕತೊಡಗಿದರು.

ಹಿಂದಿನಿಂದ ಒಂದು ಕೈ ಎದ್ದಿತು. ಹಸಿರು ಸೀರೆ, ತಲೆತುಂಬ ಕನಕಾಂಬರ. ನಾನು ಕುರ್ಚಿಯ ತುದಿಗೆ ಸರಿದೆ.

“ಮೇಡಂ, ನಾನು ತಟ್ಟಿವ್ನಿ. ಅವರೆಕಾಳು ಸಾರು ಮಾಡ್ದಾಗ ಒಂದು ಡಬ್ಬಿ ತಗೊಂಡೋದೆ. ಬೀಗ. ಹಬ್ಬಕ್ಕೆ ಒಬ್ಬಟ್ಟು ತಗೊಂಡೋದೆ. ಬೀಗ. ಕೊನೆಗೆ ನಮ್ಮೆಜಮಾನ್ರೇ ತಿಂದ್ರು.”

ಸಭೆ ನಕ್ಕಿತು. ನಾನು ಎದ್ದು ನಿಂತು, “ಬೇಸರ ಮಾಡ್ಕೋಬೇಡಿ. ಕೆಲವರಿಗೆ ಮನೇಲಿರೋದೇ ಕಷ್ಟ. ಆ ಪಕ್ಕದ ಮನೆಯವರು ಏನು ಕೆಲಸದಲ್ಲಿದ್ದಾರೆ?” ಅಂದೆ.

“ಊರೂರು ತಿರುಗಿ ಭಾಷಣ ಮಾಡ್ತಾರೆ.”

ಯಾರೋ ಕಿಸಕ್ಕೆಂದರು. ನನಗಿನ್ನೂ ತಲೆಗೆ ಹೋಗಿರಲಿಲ್ಲ. ಪರಿಹಾರ ಹೇಳುವ ಉತ್ಸಾಹದಲ್ಲಿ, “ಹಾಗಾದ್ರೆ ಅವರನ್ನೇ ನೇರವಾಗಿ ಕೇಳಿಬಿಡಿ, ಯಾವಾಗ ಸಿಗ್ತೀರಿ ಅಂತ” ಅಂದೆ.

“ಅದನ್ನೇ ಕೇಳಾವ ಅಂತ ರಾಮನಗರದಿಂದ ಟ್ರೈನ್ ಹತ್ಕಂಡು ಬಂದೆ ಮೇಡಂ,” ಅಂದರು ಆಕೆ. “ಯಾವಾಗ ಮನೇಲಿರ್ತೀರಿ?”