ಮಾವನ ಕೋವಿಯ ತುಕ್ಕು

ಭಾನುವಾರ ಬೆಳಿಗ್ಗೆ ಗುಮಾಸ್ತ ಪೇಪರಿನ ಮೊದಲ ಪುಟವನ್ನೂ ಮುಗಿಸಿರಲಿಲ್ಲ, ಹೆಂಡತಿ ಗೋಡೆಯ ಮೇಲಿದ್ದ ಕೋವಿಯನ್ನು ಇಳಿಸಿ ಅವನ ತೊಡೆಯ ಮೇಲಿಟ್ಟಳು.

"ಸಂಜೆ ಅಪ್ಪ ಗೆಳೆಯರನ್ನ ಕರ್ಕೊಂಡು ಬರ್ತಿದಾರೆ, ಇದನ್ನ ತೋರ್ಸೋಕೆ. ಇದರ ಅವತಾರ ನೋಡಿ! ಮುಟ್ಟಿದ್ರೆ ಕೈಯೆಲ್ಲ ಕೆಂಪು."

ಮಾವ ಚಿಕ್ಕದೊಂದು ಬಾಡಿಗೆ ಮನೆಗೆ ವಾಸ ಬದಲಿಸುವಾಗ ಜಾಗವಿಲ್ಲದೆ ಮಗಳ ಮನೆಯಲ್ಲಿ ತೂಗುಹಾಕಿ ಹೋದ ಕೋವಿ ಅದು. ಪ್ರಾಯದಲ್ಲಿ ಅವರು ಅದರಿಂದ ಚಿರತೆ ಹೊಡೆದಿದ್ದರಂತೆ. ಹೇಳಿದಾಗಲೆಲ್ಲ ಆ ಚಿರತೆ ಒಂದೊಂದು ಗೇಣು ಬೆಳೆಯುತ್ತಿತ್ತು. "ಈಗಿನ ಗಂಡಸರು ಜಿರಳೆ ಕಂಡ್ರೆ ಮಂಚ ಹತ್ತುತ್ತಾರೆ" ಎಂದು ಕತೆ ಮುಗಿಸಿ, ಅವರು ತಪ್ಪದೆ ಅಳಿಯನ ಕಡೆ ನೋಡುತ್ತಿದ್ದರು.

ಇವತ್ತಾದರೂ ಮಾವನಿಂದ ಭೇಷ್ ಅನ್ನಿಸಿಕೊಳ್ಳಬೇಕೆಂದು ಗುಮಾಸ್ತ ಜಗಲಿಯ ಮೇಲೆ ಕೂತು ಸೀಮೆಎಣ್ಣೆ ಹಚ್ಚಿ ಉಜ್ಜತೊಡಗಿದ.

ಪಕ್ಕದ ಮನೆಯ ನಿವೃತ್ತ ಕಾಂಪೌಂಡರ್ ಗೇಟಿನ ಹತ್ತಿರವೇ ಬಂದರು. "ಸೀಮೆಎಣ್ಣೆಗೆಲ್ಲ ತುಕ್ಕು ಹೆದರುತ್ತೇನ್ರೀ? ವಿನೆಗರ್ ಸುರೀರಿ!"

ಸುರಿದ. ತುಕ್ಕು ಕರಗಿ ಕೆಂಪು ಕೆಸರಾಗಿ ಹರಿದು, ಜಗಲಿಯ ಅಂಚಿಗೆ ಒಣಹಾಕಿದ್ದ ಬಿಳಿ ಹೊದಿಕೆಗೆ ಅಂಟಿತು. ಎದುರುಮನೆ ದರ್ಜಿ ಉಪ್ಪುಕಾಗದ ತಂದುಕೊಟ್ಟ. ಅದು ತುಕ್ಕಿನ ಜೊತೆಗೆ ಬೆರಳಿನ ಚರ್ಮವನ್ನೂ ಕಿತ್ತಿತು.

ನಳಿಗೆಯೊಳಗೂ ಶುಚಿಯಾಗಿದೆಯೋ ಎಂದು ನೋಡಲು ಅವನು ಒಂದು ಕಣ್ಣು ಮುಚ್ಚಿ ಕೋವಿಯನ್ನು ಬೆಳಕಿಗೆ ಎತ್ತಿದ. ಮಹಡಿಯಲ್ಲಿ ಬಟ್ಟೆ ಹರಡುತ್ತಿದ್ದ ಮೇಲಿನ ಮನೆಯ ಅಜ್ಜಿ "ಅಯ್ಯಯ್ಯೋ, ಕೊಲ್ತಾನೆ!" ಎಂದು ಕಿರುಚಿದರು. ಬಕೆಟ್ ಜಾರಿ ನೀರೆಲ್ಲ ಕೆಳಗೆ ನಿಂತಿದ್ದ ಕಾಂಪೌಂಡರ್ ತಲೆಗೆ ಅಭಿಷೇಕವಾಯಿತು. ಬೀದಿಗೆ ಬೀದಿಯೇ ಸೇರಿತು. "ಏನಿಲ್ಲ, ಏನಿಲ್ಲ" ಎಂದು ಗುಮಾಸ್ತ ಎರಡೂ ಕೈ ಎತ್ತಿದ. ಒಂದು ಕೈಯಲ್ಲಿ ಕೋವಿಯೂ ಮೇಲೆದ್ದಿತು. ಸೇರಿದವರು ದಿಕ್ಕಾಪಾಲಾದರು.

ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಲೋಹವನ್ನು ಬೆಚ್ಚಗೆ ಮಾಡಿ ಎಣ್ಣೆ ತಿಕ್ಕಿದ. ಕೋವಿ ನೇರಳೆ ಹಣ್ಣಿನಂತೆ ಕಪ್ಪಗೆ ಮಿರುಗಿತು. ಅಷ್ಟೇ ಅಲ್ಲ, ನಳಿಗೆಯ ಬುಡದಲ್ಲಿ ಅಕ್ಷರಗಳೂ ಎದ್ದುಬಂದವು: "ನಾಟಕದ ಸಾಮಾನು. ಆಟ ಮುಗಿದ ಮೇಲೆ ಪೆಟ್ಟಿಗೆಗೆ ಹಾಕುವುದು."

ಗುಮಾಸ್ತ ಎರಡು ಸಲ ಓದಿದ. ಚಿರತೆ ಒಂದೇ ಕ್ಷಣದಲ್ಲಿ ಬೆಕ್ಕಾಯಿತು. ಮದುವೆಯಾದಂದಿನಿಂದ ನುಂಗಿದ್ದ ಜಿರಳೆಗಳಿಗೆಲ್ಲ ಇವತ್ತು ಲೆಕ್ಕ ಚುಕ್ತಾ ಎಂದು, ಮೀಸೆಯಡಿ ನಗುತ್ತ ಕಾದು ಕೂತ.

ಸಂಜೆ ಗೆಳೆಯರು ಹೊರಗೆ ಚಪ್ಪಲಿ ಬಿಡುತ್ತಿದ್ದಾಗಲೇ ಮಾವ ಒಳಬಂದರು. ಕೋವಿ ಕಂಡದ್ದೇ ಬಾಗಿಲು ಮುಚ್ಚಿಕೊಂಡರು.

"ಏನ್ ಮಾಡಿದ್ರಿ ಅಳಿಯಂದ್ರೇ!"

"ತುಕ್ಕು ತೆಗೆದೆ ಮಾವ. ಅಕ್ಷರ ಎಷ್ಟು ಚೆನ್ನಾಗಿ ಕಾಣ್ತಿದೆ ಅಲ್ವಾ?"

"ಮೆಲ್ಲಗೆ!" ಮಾವ ಹಲ್ಲು ಕಚ್ಚಿ ಪಿಸುಗುಟ್ಟಿದರು. "ಆ ಅಕ್ಷರದ ಮೇಲೆ ತುಕ್ಕು ಹಿಡಿಸೋಕೆ ಒಂದು ಮಳೆಗಾಲ ಪೂರ್ತಿ ಬಚ್ಚಲ ಹಿಂದೆ ಇಟ್ಟಿದ್ದೆ ಕಣ್ರೀ!"

ಕೋವಿಯ ಮೇಲೆ ಟವೆಲು ಬಿತ್ತು, ಬಾಗಿಲು ತೆರೆಯಿತು. "ಬನ್ನಿ ಬನ್ನಿ. ಕೋವಿ ಮಾತ್ರ ಇವತ್ತು ನೋಡೋಕಾಗಲ್ಲ. ಒರೆಸ್ತೀನಿ ಅಂತ ಹೋಗಿ, ನಮ್ಮ ಅಳಿಯಂದ್ರು ಹೆದರಿ ಕೆಳಗೆ ಹಾಕಿ ಕೆಡಿಸ್ಬಿಟ್ಟಿದಾರೆ!"

ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗುಮಾಸ್ತ ಟವೆಲಿಗೆ ಕೈ ಹಾಕಿದ. ಕಾಫಿ ತಟ್ಟೆ ಹಿಡಿದು ನಿಂತಿದ್ದ ಹೆಂಡತಿ ತಂದೆಯ ಮುಖವನ್ನೇ ಹೆಮ್ಮೆಯಿಂದ ನೋಡುತ್ತಿದ್ದಳು. ಅವನ ಕೈ ತಾನಾಗಿ ಹಿಂದೆ ಬಂತು.

"ಹೌದು," ಎಂದ. "ಕೈಗೆ ತಗೊಂಡದ್ದೇ ಹೆದರಿಬಿಟ್ಟೆ."

ಮರುದಿನ ಬೆಳಿಗ್ಗೆ, ಕೆಲಸಕ್ಕೆ ಹೋಗುವ ಮೊದಲು, ಅವನು ಬಚ್ಚಲ ಹಿಂದೆ ಕುಕ್ಕರುಗಾಲಲ್ಲಿ ಕೂತು ಕೋವಿಗೆ ಉಪ್ಪುನೀರು ಚಿಮುಕಿಸುತ್ತಿದ್ದ. ಕಿಟಕಿಯಿಂದ ಹೆಂಡತಿ ಕೇಳಿದಳು: "ಅಲ್ಲೇನ್ರೀ ಮಾಡ್ತಿದೀರ?"

"ನಿಮ್ಮಪ್ಪನ ಮರ್ಯಾದೆ ಬೆಳೆಸ್ತಿದೀನಿ, ಕಣೇ."