ಹನ್ನೊಂದನೆಯ ಶ್ರಮಜೀವಿ

ತಮಗೆ ಕೋಪವೇ ಬರುವುದಿಲ್ಲ ಎಂದು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಅವರು ಸುಳ್ಳು ಹೇಳುತ್ತಾರೆಂದಲ್ಲ, ಎಲ್ಲಿ ನಿಜ ಹೇಳುತ್ತಿದ್ದಾರೋ ಎಂಬ ಹೊಟ್ಟೆಯುರಿ. ನನ್ನವು ದೊಡ್ಡ ಕೋಪಗಳಲ್ಲ. ದೇಶದ ಸ್ಥಿತಿಗೆ, ಸರ್ಕಾರ ಬೀಳುವುದಕ್ಕೆ, ಏಳುವುದಕ್ಕೆ ನಾನು ತಲೆ ಕೆಡಿಸಿಕೊಂಡವನಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವನು, ಹೇಳದೆ ಕೇಳದೆ ಮಜ್ಜಿಗೆಗೆ ಉಪ್ಪು ಹಾಕಿ ಕೊಡುವವನು, ಊಟಕ್ಕೆ ಕೂತಾಗ ನಿನ್ನ ತಟ್ಟೆಯ ಮುದ್ದೆ ದೊಡ್ಡದು ಎನ್ನುವವನು, ಇಂಥವರ ಮೇಲೆ ಬಂದ ಕೋಪ ಮಾತ್ರ ನನ್ನಲ್ಲಿ ವಾರಗಟ್ಟಲೆ ಬೇಯುತ್ತಿರುತ್ತದೆ. ಈಗ ಹೇಳಹೊರಟಿರುವ ಕೋಪ ವಾರದ್ದಲ್ಲ, ವರ್ಷಗಳದ್ದು. ಅದಕ್ಕೆ ಕಾರಣ ಹತ್ತು ಹೆಸರುಗಳ ಒಂದು ಪಟ್ಟಿ. ಅದರಲ್ಲಿ ನನ್ನ ಹೆಸರಿರಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಹುಣಸೂರಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಅಲ್ಲಿ ಕೆಲಸ ಹೇಗೆ ನಡೆಯುತ್ತಿತ್ತೆಂದು ಈಗ ನಿಮಗೇ ತಿಳಿಯುತ್ತದೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಾವು ಮೂವರು ಹಳೆಯ ಕಡತಗಳ ಕೋಣೆಯಲ್ಲಿ ಕೂತು ಹುಣಸೆ ಬೀಜದಲ್ಲಿ ಚೌಕಾಬಾರ ಆಡುತ್ತಿದ್ದೆವು. ಮಿರ್ಲೆಯವನು ನಾನು, ಭೇರ್ಯದ ಜವರಪ್ಪ, ಸರಗೂರಿನ ಮಾದೇವಪ್ಪ. ಹೊಗೆಸೊಪ್ಪಿನ ಕಾಲದಲ್ಲಿ ರಸ್ತೆಯ ಲಾರಿಗಳ ಘಾಟು ಆ ಕೋಣೆಗೂ ನುಗ್ಗುತ್ತಿತ್ತು, ಸೀನುತ್ತಲೇ ಆಡುತ್ತಿದ್ದೆವು. ಅಲ್ಲಿಗೆ ಟೈಪಿಸ್ಟ್ ಆಗಿ ಬಂದವರು ಪೂವಯ್ಯ. ಕೊಡಗಿನವರು, ಮನೆ ಮಾಡಿದ್ದು ಪಿರಿಯಾಪಟ್ಟಣದಲ್ಲಿ. ಅವರ ಕಡೆ ಮನೆಮಂದಿಯೆಲ್ಲ ಹಾಕಿ ಆಡುತ್ತಾರಂತೆ. ಇವರೂ ಆಡಿ ಆಡಿಯೇ ಮಂಡಿ ಹಾಳುಮಾಡಿಕೊಂಡವರು. ನಮ್ಮ ಆಟವನ್ನು ನಾಲ್ಕು ದಿನ ನೋಡಿ, "ಇದೇನು ಗೌಡ್ರೇ, ಕಾಯಿ ಹಣ್ಣು ಮಾಡೋದು ಬಿಟ್ಟು ಬೇರೆ ಗೊತ್ತಿಲ್ವಾ? ಇದೇ ಬೀಜದಲ್ಲಿ ಹಾಕಿ ಆಡಬಹುದಲ್ಲ" ಎಂದರು.

ನಮ್ಮ ಮೂವರಲ್ಲಿ ಒಬ್ಬನೂ ಹಾಕಿ ಕೋಲನ್ನು ಮುಟ್ಟಿ ನೋಡಿದವನಲ್ಲ. ಅದು ಅಡ್ಡಿಯಾಗಲಿಲ್ಲ. ಒಂದು ಮೈಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ಆರು ಹುಣಸೆ ಬೀಜ. ಹೊಡೆಯುವವನ ಕಡೆಯವನು ಬೀಜ ಹಾಕುತ್ತಾನೆ, ಗೋಲಿಯ, ಅಂದರೆ ಗೋಲು ಕಾಯುವವನ, ಕಡೆಯವನು ಮರಳಿ ಹಾಕುತ್ತಾನೆ. ಹೊಡೆದವನದು ಹೆಚ್ಚು ಬಿಳಿ ಬಿದ್ದರೆ ಗೋಲು, ಇಲ್ಲದಿದ್ದರೆ ಗೋಲಿ ತಡೆದ ಹಾಗೆ. ತಲೆಗೊಂದು ತಂಡ, ತಂಡಕ್ಕೆ ಹನ್ನೊಂದು ಜನ. ಪೂವಯ್ಯನವರು ಅಂಪೈರು. ರಿಜಿಸ್ಟರ್ ಬರೆಯುವ ಕೆಲಸ ನನಗೆ ಬಂತು. ಕಚೇರಿಯ ರಿಜಿಸ್ಟರನ್ನು ನಾನು ಅಷ್ಟು ಮುತುವರ್ಜಿಯಿಂದ ಎಂದೂ ಬರೆದಿಲ್ಲ. ಆಟಗಾರರು ಕಟ್ಟುಕತೆಯವರಾಗಬಾರದು, ನಮಗೆ ಗೊತ್ತಿರುವ ಜೀವಂತ ಜನರಾಗಿರಬೇಕು ಎಂದು ನಿಯಮ ಮಾಡಿದೆವು. ಹೀಗಾಗಿ ನಮ್ಮ ನೆಂಟರಿಷ್ಟರು, ಕ್ಷೌರದ ಅಂಗಡಿಯವನು, ಹಾಲಿನ ಡೈರಿಯ ಕಾರ್ಯದರ್ಶಿ ಎಲ್ಲರೂ ಅವರಿಗೇ ತಿಳಿಯದಂತೆ ಹಾಕಿ ಆಟಗಾರರಾದರು. ಮಿರ್ಲೆ ತಂಡದ ಸೆಂಟರ್ ಫಾರ್ವರ್ಡ್ ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ನನ್ನ ಹೆಸರನ್ನೇ ಬರೆದುಕೊಂಡೆ. ಕಾಳೇಗೌಡ, ಮಿರ್ಲೆ.

ಮೊದಲ ವರ್ಷವೇ ಒಂದು ತೊಡಕು ಬಂತು. ಮಾದೇವಪ್ಪನ ತಂಡದ ಒಬ್ಬ ಆಟಗಾರನ ತಂದೆ ಸರಗೂರಿನಲ್ಲಿ ತೀರಿಕೊಂಡರು. ಮಣ್ಣು ಮಾಡಿದ ಮೂರನೆಯ ದಿನ ಅವನು ನಮ್ಮ ಕಡತದ ಕೋಣೆಯಲ್ಲಿ ಒಂದರ ಮೇಲೊಂದು ಗೋಲು ಹೊಡೆಯುತ್ತಿದ್ದ. ಜವರಪ್ಪನಿಗೆ ಸಂಕಟವಾಯಿತು. "ಅಪ್ಪನ್ ತಿಥಿ ಆಗಿಲ್ಲ ಕಣ್ಲಾ, ಅವ ಇಲ್ಲಿ ಗೋಲ್ ಒಡೀತಾವ್ನೆ. ಇದು ಒಳ್ಳೇದಲ್ಲ" ಎಂದು ಬೀಜ ಕೆಳಗಿಟ್ಟ. ಮಾದೇವಪ್ಪನೂ ಹೆದರಿದ. ಅಂದಿನಿಂದ ಯಾರ ಮನೆಯಲ್ಲಿ ಸೂತಕವೋ ಆ ಮನೆಯ ಆಟಗಾರನ ಹೆಸರಿನಲ್ಲಿ ಹನ್ನೊಂದು ದಿನ ಬೀಜ ಹಾಕುವ ಹಾಗಿಲ್ಲ ಎಂದಾಯಿತು. ಪೂವಯ್ಯನವರು ಒಂದು ಕ್ಷಣ ನಮ್ಮನ್ನು ನೋಡಿ, ಹಾಕಿಯಲ್ಲಿ ಇಂಥ ನಿಯಮ ಇಲ್ಲ ಎಂದರು. ಆಮೇಲೆ ಅವರೇ ರಿಜಿಸ್ಟರಿಗೆ ಬರೆಸಿದರು.

ಎರಡು ವರ್ಷದ ಮೇಲೆ ನನ್ನ ಗೋಲಿಯಾಗಿದ್ದ ಮಿರ್ಲೆಯ ಮುದುಕ ಕೆಂಚಯ್ಯನೇ ತೀರಿಕೊಂಡ. ಜೀವಂತ ಜನರೇ ಆಗಬೇಕಲ್ಲ, ಹೊಸ ಗೋಲಿ ಬೇಕಾಯಿತು. ಪಂದ್ಯ ಶುರುವಾಗುವ ಹೊತ್ತು, ಯಾರ ಹೆಸರೂ ಹೊಳೆಯುತ್ತಿಲ್ಲ. ಯಾವುದನ್ನೂ ಒಳಗೆ ಬಿಡದವರು ಯಾರು ಎಂದು ಯೋಚಿಸುವಾಗ ನನ್ನ ಹೆಂಡತಿ ಕಣ್ಣೆದುರು ಬಂದಳು. ಹಿಂದಿನ ಸಂಜೆ ತಾನೇ ನಾನು ತಂದ ಹಳೆಯ ಸೈಕಲ್ಲನ್ನು ಹೊಸಲಿನಿಂದ ಒಳಗೆ ಬಿಟ್ಟಿರಲಿಲ್ಲ. ಆದರೆ ಹೆಂಡತಿಯನ್ನು ಆಟಕ್ಕೆ ಸೇರಿಸಿದೆ ಎಂದರೆ ಇವರು ಬಿಡುತ್ತಾರೆಯೇ? ಅವಳ ಹೆಸರಿಗೆ ತವರೂರನ್ನು ಸೇರಿಸಿ ಬರೆದೆ: ಜಯಮ್ಮ, ಸಾಲಿಗ್ರಾಮ. "ಅದ್ಯಾರ್ರೀ?" ಎಂದ ಜವರಪ್ಪ. "ಅಲ್ಲೊಬ್ಬರು ಗಟ್ಟಿಗಿತ್ತಿ ಅವ್ರೆ" ಎಂದೆ. ನಮ್ಮ ಕಡೆ ಸ್ನೇಹಿತನ ಹೆಂಡತಿಯ ಹೆಸರು ಕೇಳುವ ಪದ್ಧತಿ ಇಲ್ಲ. ಹತ್ತು ವರ್ಷ ಒಟ್ಟಿಗೆ ಉಂಡರೂ ಅವಳು 'ನಮ್ಮ ಮನೆಯವರು', ಅವರಿಗೆ ಅವಳು 'ಅಕ್ಕ'. ಗುಟ್ಟು ಗುಟ್ಟಾಗಿಯೇ ಉಳಿಯಿತು.

ಇನ್ನು ನನ್ನ ಉರಿಯ ವಿಷಯ. ಹೊಡೆಯುವ ಕಾಳೇಗೌಡನಿಗೂ ತಡೆಯುವ ಜಯಮ್ಮನಿಗೂ ಬೀಜ ಹಾಕುವ ಕೈ ಒಂದೇ, ನನ್ನದು. ಬೀಜಗಳೂ ಅವೇ. ಕಾಳೇಗೌಡನ ಸರದಿ ಬಂದರೆ ಬೀಜಗಳು ಕಪ್ಪು ಮೈ ಹೊದ್ದು ಮಲಗುತ್ತಿದ್ದವು. ಜಯಮ್ಮನ ಹೆಸರು ಹೇಳಿದರೆ ಆರೂ ಬೆಳ್ಳಗೆ. ಉಫ್ ಎಂದು ಊದಿ ಹಾಕಿದೆ, ಎಡಗೈಯಲ್ಲಿ ಹಾಕಿದೆ, ಮನೆದೇವರನ್ನು ನೆನೆದು ಹಾಕಿದೆ. ದೇವರೂ ಸಾಲಿಗ್ರಾಮದ ಕಡೆಯವನೇ ಇರಬೇಕು. ಹತ್ತು ವರ್ಷದಲ್ಲಿ ಮಿರ್ಲೆ ಗೆದ್ದದ್ದು ಒಂದೇ ಸಲ, ಅದೂ ಅವಳು ಜವರಪ್ಪನ ಭೇರ್ಯ ತಂಡಕ್ಕೆ ಒಂದು ಗೋಲನ್ನೂ ಕೊಡದ ಫೈನಲ್ಲಿನಲ್ಲಿ. ಗೆದ್ದವರಿಗೆ ನಾವು ಕೊಡುತ್ತಿದ್ದ ಕಪ್ಪು ಎಂದರೆ ಒಂದು ಸ್ಟೀಲ್ ತಂಬಿಗೆ. ಪಾತ್ರೆ ಅಂಗಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದು ಕೊಡುತ್ತಾರಲ್ಲ, ಹಾಗೆ 'ಮಿರ್ಲೆ ಫಸ್ಟ್' ಎಂದು ಕೊರೆಸಿದ್ದೆವು. ಮನೆಗೆ ಯಾರು ಬಂದರೂ ನಾನು ಅದರಲ್ಲೇ ನೀರು ಕೊಡುತ್ತಿದ್ದೆ, ಅಕ್ಷರಗಳು ಅವರ ಕಡೆಗೆ ಬರುವಂತೆ ಹಿಡಿದು. ಒಬ್ಬನೂ ಓದಲಿಲ್ಲ. ಕುಡಿದು ಕೆಳಗಿಡುತ್ತಿದ್ದರು.

ಹತ್ತು ವರ್ಷ ತುಂಬಿದಾಗ ಪೂವಯ್ಯನವರು ದಶಕದ ಹತ್ತು ಶ್ರೇಷ್ಠ ಆಟಗಾರರ ಪಟ್ಟಿ ಮಾಡಬೇಕೆಂದರು. ರಿಜಿಸ್ಟರನ್ನು ಎರಡು ವಾರ ಪಿರಿಯಾಪಟ್ಟಣಕ್ಕೆ ಒಯ್ದರು. ಆ ಎರಡು ವಾರ ನಾನು ಅವರ ಟೈಪ್‌ರೈಟರಿನ ಧೂಳು ಒರೆಸಿದೆ, ಮಂಡಿಗೆ ಎಣ್ಣೆ ತಂದುಕೊಟ್ಟೆ, ಊರಿನಿಂದ ಅವರೆಕಾಯಿ ತಂದುಕೊಟ್ಟೆ. ಬರಿಯ ಸ್ನೇಹಕ್ಕೆ. ಸೋಮವಾರ ಅವರು ಪಟ್ಟಿಯನ್ನು ಟೈಪ್ ಮಾಡಿಯೇ ತಂದರು. ಒಂದನೆಯ ಹೆಸರು: ಜಯಮ್ಮ, ಸಾಲಿಗ್ರಾಮ. ಎರಡು, ಮೂರು, ನಾಲ್ಕು ಎಂದು ಓದುತ್ತ ಹೋದರು. ಹತ್ತು ಮುಗಿಯಿತು. ಅಡಿಯಲ್ಲಿ ಒಂದು ಗೆರೆ ಎಳೆದು, ಗೆರೆಯ ಕೆಳಗೆ ಹೀಗೆ ಟೈಪಿಸಿದ್ದರು: 'ಹನ್ನೊಂದನೆಯವರು, ಕಾಳೇಗೌಡ, ಮಿರ್ಲೆ. ಶ್ರಮಜೀವಿ.'

ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಇದ್ದವನಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಯಾವನ ಬಗ್ಗೆ ಬೇರೆ ಏನೂ ಬರೆಯಲು ಸಿಕ್ಕುವುದಿಲ್ಲವೋ ಅವನ ಬೀಳ್ಕೊಡುಗೆಯಲ್ಲಿ ಆ ಪದ ಹಾಕುತ್ತಾರೆ. ನನ್ನ ಕಿವಿ ಬಿಸಿಯಾಯಿತು. "ಹತ್ತನೇ ಹೆಸ್ರು ಯಾರ್ದು? ಜವರಪ್ಪನ ಷಡ್ಡಕನದು. ಅವನು ಜಲ್ಮದಲ್ಲಿ ಮನೆಯಿಂದ ಬಸ್‌ಸ್ಟ್ಯಾಂಡಿಗೆ ನಡೆದವನಲ್ಲ" ಎಂದೆ. "ನೀವು ಓಡೀರಾ?" ಎಂದ ಜವರಪ್ಪ. "ಲೆಕ್ಕ ನಾನು ಬರೆದಿದ್ದಲ್ಲ ಗೌಡ್ರೇ. ಎಲ್ಲ ನಿಮ್ಮದೇ ಅಕ್ಷರ" ಎಂದರು ಪೂವಯ್ಯ ತಣ್ಣಗೆ. ಕೋಪ ಬಂದವನ ಎದುರು ತಣ್ಣಗಿರುವುದಕ್ಕಿಂತ ದೊಡ್ಡ ಅಪರಾಧ ಇನ್ನೊಂದಿಲ್ಲ.

ಆ ವಾರವೆಲ್ಲ ನನ್ನ ತಲೆಯಲ್ಲಿ ಒಂದೇ ವಿಚಾರ. ಹತ್ತರಲ್ಲಿ ಒಂದು ಉರುಳಿದರೆ ಹನ್ನೊಂದನೆಯವನು ಗೆರೆಯ ಮೇಲೆ ಬರುತ್ತಾನೆ. ಯಾವುದನ್ನು ಉರುಳಿಸುವುದು? ಜವರಪ್ಪನವರನ್ನು ಮುಟ್ಟಿದರೆ ಅವನು ಜಗಳಕ್ಕೆ ಬರುತ್ತಾನೆ. ಮಾದೇವಪ್ಪ ಮಾತು ಬಿಡುತ್ತಾನೆ. ವಹಿಸಿಕೊಂಡು ಮಾತಾಡುವವರು ಯಾರೂ ಇಲ್ಲದ ಒಂದೇ ಹೆಸರು ಆ ಪಟ್ಟಿಯಲ್ಲಿತ್ತು, ಅದು ಮೊದಲನೆಯದು. ಮೂರು ಮಧ್ಯಾಹ್ನ ಊಟ ಬಿಟ್ಟು ರಿಜಿಸ್ಟರ್ ತಿರುವಿ ಹಾಕಿದೆ. ಶುಕ್ರವಾರ ಸಿಕ್ಕಿತು. ಮಿರ್ಲೆ ಗೆದ್ದ ಆ ಫೈನಲ್ಲಿನ ಪುಟ. ಅಲ್ಲಿ ನನ್ನ ಹೆಸರಿಗೆ ಅಡ್ಡಗೆರೆ ಎಳೆದು 'ಸೂತಕ' ಎಂದು ಬರೆದಿತ್ತು. ಆ ವಾರ ಊರಿನಲ್ಲಿ ನಮ್ಮ ದಾಯಾದಿ ಚಿಕ್ಕಪ್ಪ ತೀರಿಕೊಂಡಿದ್ದರು. ಗಂಡನಿಗೆ ಸೂತಕ ಎಂದರೆ ಹೆಂಡತಿಗೂ ಸೂತಕ. ಆದರೆ ಜಯಮ್ಮ ಆಡಿದ್ದಳು.

ಎದ್ದು ನಿಂತು ಹೇಳಿದೆ. ಜಯಮ್ಮ ಎಂದರೆ ನನ್ನ ಹೆಂಡತಿ, ಸೂತಕದಲ್ಲಿ ಆಡಿದ್ದಾಳೆ, ಆದ್ದರಿಂದ ಅವಳನ್ನು ಪಟ್ಟಿಯಿಂದ ತೆಗೆಯಬೇಕು ಎಂದೆ. ಮಾದೇವಪ್ಪ, "ಅಕ್ಕನ್ ಎಸ್ರು ಜಯಮ್ಮ ಅಂತಾನಾ?" ಎಂದ. ಜವರಪ್ಪ ಮಾತ್ರ ಹಲ್ಲು ಬಿಡತೊಡಗಿದ. "ಅಂಗಾರೆ ಆ ಫೈನಲ್ ನಮ್ದಾಯ್ತಲ್ರೀ" ಎಂದ. ಅಲ್ಲಿಯವರೆಗೆ ನನಗೆ ಅದು ಹೊಳೆದೇ ಇರಲಿಲ್ಲ. ಪೂವಯ್ಯನವರು ಕನ್ನಡಕ ಒರೆಸಿಕೊಂಡು ತೀರ್ಪು ಹೇಳಿದರು. ಆಡಿದವರ ತಪ್ಪಲ್ಲ, ಅವರಿಗೆ ಆಡುತ್ತಿರುವುದೇ ಗೊತ್ತಿಲ್ಲ, ತಪ್ಪು ಆಟಕ್ಕೆ ಇಳಿಸಿದವರದು. ಆ ಒಂದು ಪಂದ್ಯ ಬಿಟ್ಟು ಲೆಕ್ಕ ಹಾಕಿದರೂ ಜಯಮ್ಮನವರೇ ಮೊದಲು. ಆ ವರ್ಷದ ಕಪ್ಪು ಭೇರ್ಯಕ್ಕೆ ಸೇರಬೇಕು. "ಮಿರ್ಲೆ ಅಂತ ಇರಾದ್ನ ಉಜ್ಜಿ ಭೇರ್ಯ ಅಂತ ಕೊರೆಸ್ಕೊಡಿ. ಬ್ಯಾಡ ಬುಡಿ, ಭಾನ್ವಾರ ನಾನೇ ಬಂದು ಈಸ್ಕೊತೀನಿ" ಎಂದ ಜವರಪ್ಪ.

ಮನೆಗೆ ಬಂದವನು ಅಡುಗೆಮನೆಗೆ ಹೋಗಿ ತಂಬಿಗೆಯ ನೀರನ್ನು ಚೆಲ್ಲಿದೆ. "ಕುಡಿಯೋ ನೀರ್ನ ಯಾಕ್ ಚೆಲ್ತೀರಿ?" ಎಂದಳು ಹೆಂಡತಿ. ಹೇಳದೆ ವಿಧಿಯಿರಲಿಲ್ಲ. ಬೀಜ, ಗೋಲು, ಪಟ್ಟಿ ಎಲ್ಲವನ್ನೂ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ.

"ಸಾಲಿಗ್ರಾಮದ ಜಯಮ್ಮ ಅಂದ್ರೆ ನಾನಾ? ಎಷ್ಟ್ ವರ್ಸದಿಂದ?"

"ಎಂಟು."

"ನಾನ್ ಎಷ್ಟನೇವ್ಳು?"

"ಒಂದನೆಯವಳು."

"ನೀವು?"

"ಹನ್ನೊಂದು."

"ಪಟ್ಟಿ ಎಷ್ಟ್ ಜನುದ್ದು?"

ಅವಳು ತಂಬಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಹುಣಸೆಹಣ್ಣು, ಬೂದಿ ಹಾಕಿ ಉಜ್ಜತೊಡಗಿದಳು. ಉಜ್ಜುತ್ತಲೇ ಕೇಳಿದಳು. "ಸೂತ್ಕ ಅಂತ ನಿಮ್ಮೆಸ್ರು ಒಡೆದಾಕ್ವಾಗ ಗ್ಯಾನ ಇತ್ತು. ಕೆಳಗ್ ನನ್ನೆಸ್ರು ಬಂದಾಗ ಮರ್ತೋಯ್ತಾ?"

ಮರೆತೆ ಎಂದೆ. ಓದುಗರೇ, ನಿಮ್ಮ ಹತ್ತಿರ ಸುಳ್ಳು ಯಾಕೆ. ಮರೆತಿರಲಿಲ್ಲ. ಆ ವರ್ಷ ಕಾಳೇಗೌಡ ಒಂದೂ ಗೋಲು ಹೊಡೆದಿರಲಿಲ್ಲ. ಚಿಕ್ಕಪ್ಪನ ಸಾವು ಅವನಿಗೆ ಮರ್ಯಾದೆಯಿಂದ ಹೊರಗೆ ಕೂರಲು ಒಂದು ನೆಪವಾಯಿತು. ಜಯಮ್ಮನನ್ನು ಕೂರಿಸಿದರೆ ಸೋಲು ಖಂಡಿತ. ಯಾರಿಗೂ ಗೊತ್ತಿಲ್ಲವಲ್ಲ ಎಂದು ಆಡಿಸಿದೆ. ಆರು ವರ್ಷದ ಮೇಲೆ ಅದೇ ತಪ್ಪನ್ನು ಅವಳ ತಲೆಗೆ ಕಟ್ಟಿ ಅವಳ ಜಾಗಕ್ಕೆ ಏರಲು ಹೊರಟಿದ್ದೆ. ನಾಚಿಕೆಯಾಯಿತು. ನಾಚಿಕೆಯಾದಾಗ ನನಗೆ ಇನ್ನೂ ಕೋಪ ಬರುತ್ತದೆ. ಆ ರಾತ್ರಿ ಸಾರಿಗೆ ಉಪ್ಪು ಕಡಿಮೆ ಎಂದು ರೇಗಿದೆ. ಉಪ್ಪು ಸರಿಯಾಗಿಯೇ ಇತ್ತು.

ಭಾನುವಾರ ಜವರಪ್ಪ ಬಂದ. ಹೆಂಡತಿ ಅದೇ ತಂಬಿಗೆಯಲ್ಲಿ ಅವನಿಗೆ ನೀರು ಕೊಟ್ಟಳು. ಅವನು ಕುಡಿದು, ತಂಬಿಗೆಯನ್ನು ತಿರುಗಿಸಿ ಅಕ್ಷರಗಳನ್ನು ಓದಿದ. ಹತ್ತಿಪ್ಪತ್ತು ನೆಂಟರಲ್ಲಿ ಓದಿದವನು ಅವನೊಬ್ಬನೇ. ಆಮೇಲೆ ಎದ್ದು ನಿಂತು, ಮದುವೆಗೆ ಕರೆಯಲು ಬಂದವನ ಹಾಗೆ ಕೈ ಜೋಡಿಸಿ, "ಅಕ್ಕಾ, ಬರೋ ವರ್ಸ ನಮ್ ಭೇರ್ಯದ್ ಕಡೆ ಗೋಲ್ಗೆ ನಿಂತ್ಕತೀರಾ?" ಎಂದ.

ಇದು ನಿಯಮಕ್ಕೆ ವಿರುದ್ಧ ಎಂದು ನಾನು ಬಾಯಿ ತೆರೆಯುವ ಮೊದಲೇ ಅವಳು ಸೆರಗಿಗೆ ಕೈ ಒರೆಸಿಕೊಂಡು ಹೇಳಿದಳು. "ನೀವಾದ್ರೂ ಕೇಳುದ್ರಲ್ಲ. ನಿಂತ್ಕತೀನಿ."

ಮಿರ್ಲೆಗೆ ಗೋಲಿ ಇಲ್ಲದಂತಾಯಿತು. ಬೇರೆಯವರನ್ನು ಕೇಳದೆ ಸೇರಿಸಲು ಧೈರ್ಯ ಬರಲಿಲ್ಲ, ಕೇಳಿದವರು ಒಪ್ಪಲಿಲ್ಲ. ನಾನೇ ನಿಂತೆ. ಹೊಸ ವರ್ಷದ ಮೊದಲ ಪಂದ್ಯ ಮಿರ್ಲೆಗೂ ಭೇರ್ಯಕ್ಕೂ ಬಿತ್ತು. ಆ ಕಡೆಯ ಗೋಲಿನಲ್ಲಿ ಅವಳು, ಈ ಕಡೆಯ ಗೋಲಿನಲ್ಲಿ ನಾನು. ಫಲಿತಾಂಶವನ್ನು ರಿಜಿಸ್ಟರಿನಲ್ಲಿ ಸಾಧ್ಯವಾದಷ್ಟು ಚಿಕ್ಕ ಅಕ್ಷರದಲ್ಲಿ ಬರೆದೆ. ಸಂಜೆ ಮನೆಗೆ ಬಂದಾಗ ಅವಳು ಹೊಸಲಿನಲ್ಲೇ ನಿಂತಿದ್ದಳು.

"ಎಷ್ಟ್ ಬುಟ್ರಿ?" ಎಂದಳು.

"ಐದು" ಎಂದೆ.

ಏಳು ಎಂದು ಜವರಪ್ಪ ಆಗಲೇ ಫೋನ್ ಮಾಡಿ ಹೇಳಿದ್ದ.